ಕಾರು ಓಡಿದ್ದೇ ಕಡಿಮೆ, ಬ್ರೇಕ್ ಆಯಿಲ್ ಬದಲಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಐದು ವರ್ಷದ ಪೆಟ್ರೋಲ್ ಕಾರು. ಓಡಿರುವುದು 21,000 ಕಿ.ಮೀ. ಅಷ್ಟೇ. 10,000 ಆದಾಗಲೆಲ್ಲ ಕೊಡೋಣ ಅಂತ ಸರ್ವಿಸ್ ಎರಡೇ ಸಲ ಮಾಡಿಸಿದ್ದೇವೆ. ಹೋದ ವಾರ ಬೆಂಗಳೂರಿನಿಂದ ಬೆಳ್ತಂಗಡಿಗೆ ಹೋಗುವಾಗ, ಚಾರ್ಮಾಡಿ ಘಾಟಿ ಇಳಿಯುತ್ತಾ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು. ಅಮ್ಮ, ಮಕ್ಕಳು ಒಳಗಿದ್ದರು. ಹೇಗೋ ಬದಿಗೆ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮೊದಲಿನ ಹಾಗೇ ಇತ್ತು. ಗ್ಯಾರೇಜಿನಲ್ಲಿ ‘ಬ್ರೇಕ್ ಪ್ಯಾಡ್ ಚೆನ್ನಾಗಿದೆ, ಗಾಡಿ ಓಡಿದ್ದೇ ಕಡಿಮೆ, ಏನೂ ಬೇಡ’ ಅಂದರು. ಸುಮ್ನೆ ಬಿಡಬಹುದಾ?

ಮೆಕ್ಯಾನಿಕ್: ಬಿಡಲೇಬೇಡಿ ಮೇಡಂ. ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು?

ಪ್ರಶ್ನೆ: ಬಿಲ್ ಎಲ್ಲ ತೆಗೆದು ನೋಡಿದೆ ಸರ್. ಬದಲಿಸಿಯೇ ಇಲ್ಲ. ಒಂದು ಸಲ ಕಡಿಮೆಯಾಗಿದೆ ಅಂತ ಮೇಲೆ ತುಂಬಿದ್ದಾರೆ.

ಮೆಕ್ಯಾನಿಕ್: ನನ್ನ ಅನುಮಾನವೂ ಅದೇ. ಪೆಡಲ್ ತುಳಿದ ಬಲವನ್ನು ಚಕ್ರದ ತನಕ ಒಯ್ಯುವುದೇ ಬ್ರೇಕ್ ಆಯಿಲ್. ಅದು ಗಾಳಿಯಲ್ಲಿರುವ ತೇವ ಹೀರುತ್ತದೆ. ಗಾಡಿ ಓಡಲಿ, ಮನೆ ಮುಂದೆ ನಿಂತಿರಲಿ, ಹೀರುತ್ತಲೇ ಇರುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿ ತನಕ ಕುದಿಯಬಾರದು ಅಂತ ಲೆಕ್ಕ. ನೀರು ಸೇರಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಉಜ್ಜಿ ಚಕ್ರದ ಡಿಸ್ಕ್ ಕಾಯುತ್ತದೆ, ಆ ಬಿಸಿಗೆ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ಆಮೇಲೆ ನೀವು ಎಷ್ಟೇ ತುಳಿಯಿರಿ, ಗುಳ್ಳೆ ಕುಗ್ಗುತ್ತದೆಯೇ ಹೊರತು ಬಲ ಚಕ್ರದ ತನಕ ಹೋಗುವುದಿಲ್ಲ. ತಣ್ಣಗಾದರೆ ಗುಳ್ಳೆ ಹೋಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಅದಕ್ಕೇ ಗ್ಯಾರೇಜಿನಲ್ಲಿ ಏನೂ ಕಾಣಿಸಿಲ್ಲ.

ಇನ್ನೊಂದು ಮಾತು. ಪ್ಯಾಡ್ ಸವೆದ ಹಾಗೆ ಆಯಿಲ್ ಮಟ್ಟ ಇಳಿಯುವುದು ಸಹಜ. ಪ್ಯಾಡ್ ಸವೆಯದೆ ಇಳಿದಿದ್ದರೆ ಎಲ್ಲೋ ಸೋರುತ್ತಿರಬಹುದು. ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲ್ ತಳ್ಳುವ ಭಾಗ), ಪೈಪು, ನಾಲ್ಕೂ ಚಕ್ರ ನೋಡಿಸಿ. ಹಳೇ ಆಯಿಲ್ ಪೂರ್ತಿ ತೆಗೆಸಿ, ಹೊಸದು ಹಾಕಿಸಿ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸಿ. ಮೇಲೆ ತುಂಬಿದರೆ ಪ್ರಯೋಜನವಿಲ್ಲ. ಇದಾಗುವ ತನಕ ದಯವಿಟ್ಟು ಘಾಟಿ ಕಡೆ ಹೋಗಬೇಡಿ.

ಪ್ರಶ್ನೆ: ಹಾಗಾದರೆ ಕಿಲೋಮೀಟರ್ ನೋಡಿ ಸರ್ವಿಸ್ ಮಾಡಿಸುವುದು ತಪ್ಪಾ?

ಮೆಕ್ಯಾನಿಕ್: ಬರೀ ಕಿಲೋಮೀಟರ್ ನೋಡುವುದು ತಪ್ಪು. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ತಿಂಗಳ ಲೆಕ್ಕವೂ ಇರುತ್ತದೆ, ಯಾವುದು ಮೊದಲು ಬರುತ್ತದೋ ಅದು. ಎಷ್ಟೋ ಪೆಟ್ರೋಲ್ ಕಾರುಗಳಿಗೆ ಎಂಜಿನ್ ಆಯಿಲ್ 10,000 ಕಿ.ಮೀ. ಅಥವಾ ಒಂದು ವರ್ಷ. ಬ್ರೇಕ್ ಆಯಿಲ್ ಸಾಮಾನ್ಯವಾಗಿ ಎರಡು ವರ್ಷ. ಕಡಿಮೆ ಓಡಿಸುವವರೇ ಇದನ್ನು ಜಾಸ್ತಿ ಮರೆಯುತ್ತಾರೆ.

ಇನ್ನೊಬ್ಬರು: ಅಣ್ಣಾ, ನ್ಯೂಟ್ರಲ್‌ನಲ್ಲಿ ಇಳಿಸಿದರೆ ಪೆಟ್ರೋಲ್ ಉಳಿಯುತ್ತದೆ ಅಂತಾರಲ್ವಾ?

ಮೆಕ್ಯಾನಿಕ್: ಹಾಗೆ ಮಾಡಲೇಬೇಡಿ ತಮ್ಮಾ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಿರಲು ಸ್ವಲ್ಪ ಕುಡಿಯುತ್ತದೆ. ಮೇಲಾಗಿ ಎಂಜಿನ್ ಹಿಡಿತ ತಪ್ಪಿ ಗಾಡಿಯ ಭಾರವೆಲ್ಲ ಬ್ರೇಕ್ ಮೇಲೇ ಬೀಳುತ್ತದೆ. ಎರಡು ಇಲ್ಲವೇ ಮೂರನೇ ಗೇರಿನಲ್ಲಿ ಇಳಿಸಿ, ತಿರುವಿನ ಮುಂಚೆ ಬ್ರೇಕ್ ಒತ್ತಿ, ಆಮೇಲೆ ಕಾಲು ತೆಗೆಯಿರಿ.