ರಾತ್ರಿ ತುರಿಕೆ, ವಾವಡಿಂಗ್ ನೀರು, ಪಪ್ಪಾಯಿ ಬೀಜ: ಜಂತುಹುಳದ ಬಗ್ಗೆ ಡಾಕ್ಟರರಿಗೆ ನಿಮ್ಮ ಪ್ರಶ್ನೆಗಳು

ಡೊಂಬಿವಲಿಯ ಸದಸ್ಯೆ: ಡಾಕ್ಟ್ರಮ್ಮಾ, ನಮಸ್ಕಾರ. ಮಗಳು ಎರಡನೇ ಕ್ಲಾಸು. ಕೆಲವು ದಿನಗಳಿಂದ ರಾತ್ರಿ ಮಲಗಿದ ಮೇಲೆ ಹಿಂಭಾಗ ತುರಿಸಿಕೊಂಡು ಎದ್ದು ಅಳುತ್ತಾಳೆ. ನಿನ್ನೆ ಮಲದಲ್ಲಿ ಬಿಳಿ ನೂಲಿನ ತುಂಡಿನಂಥದ್ದು ಅಲ್ಲಾಡಿದ್ದು ಕಂಡೆ. ಆದರೆ ಲ್ಯಾಬಿನ ಮಲಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದಿದೆ. ಸಿಹಿ ಜಾಸ್ತಿ ತಿಂದದ್ದಕ್ಕೆ ಹುಳ ಆಗಿದೆ, ಎರಡು ಹನಿ ಬೇವಿನ ಎಣ್ಣೆ ಕುಡಿಸು ಅಂತಾರೆ ಅತ್ತೆ. ಪಕ್ಕದ ಮನೆ ಕಾಕು ವಾವಡಿಂಗ್ ಕುದಿಸಿದ ನೀರು ಕೊಡು ಅಂತಾರೆ. ಮಾತ್ರೆ ಇಲ್ಲದೆ ವಾಸಿ ಆಗುತ್ತದೆಯೇ?

ಡಾಕ್ಟರ್: ಮೊದಲು ಇದನ್ನು ಓದಿ: ಮಕ್ಕಳಿಗೆ ಬೇವಿನ ಎಣ್ಣೆ ಕುಡಿಸಬೇಡಿ. ಸ್ವಲ್ಪವೇ ಕುಡಿಸಿದರೂ ವಾಂತಿ, ವಿಪರೀತ ಮಂಪರು, ಫಿಟ್ಸ್, ಮಿದುಳಿಗೆ ಬಾವು ಆದ ಮಕ್ಕಳ ವಿವರ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಯುಗಾದಿಗೆ ಬೆಲ್ಲದ ಜೊತೆ ತಿನ್ನುವ ಬೇವಿನ ಹೂವಿಗೂ ಈ ಎಣ್ಣೆಗೂ ಸಂಬಂಧವಿಲ್ಲ. ಅತ್ತೆಯವರಿಗೆ ನಾನು ಹೇಳಿದೆ ಎಂದು ದಯವಿಟ್ಟು ತಿಳಿಸಿ. ಅವರ ಕಾಳಜಿ ನಿಜವಾದದ್ದೇ.

ನೀವು ಕಂಡದ್ದು ಬಹುತೇಕ ಸೂಜಿಹುಳು, ಅರ್ಧದಿಂದ ಒಂದು ಸೆಂಟಿಮೀಟರ್‌ನಷ್ಟು ಉದ್ದದ್ದು. ಹೆಣ್ಣುಹುಳು ರಾತ್ರಿ ಕರುಳಿನಿಂದ ಹೊರಗೆ ಬಂದು ಗುದದ ಸುತ್ತ ಮೊಟ್ಟೆ ಇಡುತ್ತದೆ. ತುರಿಕೆ ರಾತ್ರಿಯೇ ಬರುವುದು ಅದಕ್ಕೇ. ಮೊಟ್ಟೆ ಮಲದ ಒಳಗೆ ಇರದೆ ಚರ್ಮದ ಮೇಲಿರುವುದರಿಂದ ಮಲಪರೀಕ್ಷೆ ಹೆಚ್ಚಾಗಿ ಖಾಲಿ ಬರುತ್ತದೆ, ಲ್ಯಾಬಿನವರ ತಪ್ಪೇನೂ ಇಲ್ಲ. ಬೆಳಿಗ್ಗೆ ಮಗು ಏಳುತ್ತಿದ್ದಂತೆ, ಕಕ್ಕಸಿಗೆ ಹೋಗುವ ಮತ್ತು ತೊಳೆಯುವ ಮುಂಚೆ, ಪಾರದರ್ಶಕ ಸೆಲೋಟೇಪನ್ನು ಗುದದ ಸುತ್ತ ಒತ್ತಿ ತೆಗೆದು ಗಾಜಿನ ಸ್ಲೈಡಿಗೆ ಅಂಟಿಸಿ ಕೊಟ್ಟರೆ ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ಕಾಣುತ್ತದೆ. ಮೂರು ಬೆಳಿಗ್ಗೆ ಹೀಗೆ ತೆಗೆದರೆ ತಪ್ಪಿಹೋಗುವ ಸಂಭವ ಬಹಳ ಕಡಿಮೆ. ನಿಮಗೆ ಹುಳವೇ ಕಂಡಿದೆ, ಹಾಗಾಗಿ ಇದೂ ಕಡ್ಡಾಯವಲ್ಲ.

ಸಿಹಿಯಿಂದ ಹುಳ ಹುಟ್ಟುವುದಿಲ್ಲ. ಮಗು ತುರಿಸುತ್ತದೆ, ಮೊಟ್ಟೆ ಉಗುರಿನೊಳಗೆ ಸೇರುತ್ತದೆ, ಬೆರಳು ಬಾಯಿಗೆ ಹೋಗುತ್ತದೆ. ಇಟ್ಟ ಕೆಲವೇ ಗಂಟೆಗಳಲ್ಲಿ ಮೊಟ್ಟೆ ಸೋಂಕಿಗೆ ಸಿದ್ಧವಾಗುತ್ತದೆ. ಹಾಸಿಗೆ, ಆಟಿಕೆ, ಬಾಗಿಲ ಹಿಡಿಯ ಮೇಲೆ ಎರಡು ಮೂರು ವಾರ ಬದುಕಬಲ್ಲದು. ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಮಲಗುವ ನಮ್ಮ ಮುಂಬೈ ಮನೆಗಳಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಬಂದಿದೆ ಎಂದೇ ನಾನು ಲೆಕ್ಕ ಹಾಕುತ್ತೇನೆ.

ವಾವಡಿಂಗ್ ಅಂದರೆ ನಮ್ಮ ವಾಯುವಿಳಂಗ. ಆಯುರ್ವೇದದಲ್ಲಿ ಕ್ರಿಮಿಗೆ ಹೇಳುವ ಮುಖ್ಯ ಮದ್ದು, ಇಲ್ಲಿ ಎಳೆಮಕ್ಕಳಿಗೂ ಅದರ ನೀರು ಕೊಡುವ ರೂಢಿಯಿದೆ. ಎರಡು ಕಾಳು ಹಾಕಿ ಕುದಿಸಿದ ನೀರನ್ನು ನಿಮ್ಮ ಮಗಳು ಕುಡಿದರೆ ಗಾಬರಿ ಬೇಡ. ಆದರೆ ಅಷ್ಟರಿಂದಲೇ ಸೂಜಿಹುಳು ಹೋಗುತ್ತದೆ ಎಂದು ನಾನು ಹೇಳಲಾರೆ. ಪುಡಿ, ಕಷಾಯವಾಗಿ ಕೊಡುವುದಿದ್ದರೆ ಅರ್ಹ ಆಯುರ್ವೇದ ವೈದ್ಯರೇ ಪ್ರಮಾಣ ಹೇಳಬೇಕು. ಗರ್ಭಿಣಿಯರಿಗೆ ಬೇಡ. ಗಿಡಮೂಲಿಕೆ ಅಂಗಡಿಯಲ್ಲಿ ಸಿಗುವ ಕಿರಮಾಣಿ ಓವಾ ಎಂಬ ಜಂತಿನ ಮದ್ದಿನಿಂದಂತೂ ದೂರ ಇರಿ. ಅದರಲ್ಲಿರುವ ಸ್ಯಾಂಟೋನಿನ್ ಒಂದು ಕಾಲದಲ್ಲಿ ಜಂತಿಗೆ ಔಷಧವೇ ಆಗಿತ್ತು, ಕಣ್ಣಿಗೆ ಎಲ್ಲ ಹಳದಿಯಾಗಿ ಕಾಣುವುದು, ಫಿಟ್ಸ್ ಬರುವುದು ಎಂಬಂಥ ವಿಷಲಕ್ಷಣಗಳಿಂದಾಗಿ ಬಿಟ್ಟುಹೋಯಿತು.

ಸೂಜಿಹುಳಕ್ಕೆ ನಿಜವಾಗಿ ಕೆಲಸಕ್ಕೆ ಬರುವ ಮನೆಮದ್ದು ನೀರು ಮತ್ತು ಸಾಬೂನು. ಉಗುರು ಚಿಕ್ಕದಾಗಿ ಕತ್ತರಿಸಿ. ರಾತ್ರಿ ಬಿಗಿ ಚಡ್ಡಿ ಹಾಕಿ, ಬೆಳಿಗ್ಗೆ ಎದ್ದಕೂಡಲೇ ಸ್ನಾನ ಮಾಡಿಸಿ, ಸಂಜೆಗೆ ಮುಂದೂಡಬೇಡಿ. ಹಾಸಿಗೆ ಬಟ್ಟೆಯನ್ನು ಬಾಲ್ಕನಿಯಲ್ಲಿ ಕೊಡವದೆ ನೇರವಾಗಿ ಬಿಸಿನೀರಿಗೆ ಹಾಕಿ. ಇದರ ಜೊತೆಗೆ, ವರ್ಷ ತುಂಬದ ಮಗು ಮತ್ತು ಮೊದಲ ಮೂರು ತಿಂಗಳ ಗರ್ಭಿಣಿಯನ್ನು ಬಿಟ್ಟು, ಮನೆಯವರೆಲ್ಲ ಒಂದೇ ದಿನ ಆಲ್ಬೆಂಡಜೋಲ್ ಎಂಬ ಜಂತಿನ ಮಾತ್ರೆ ತೆಗೆದುಕೊಳ್ಳಿ, ಎರಡು ವಾರ ಬಿಟ್ಟು ಇನ್ನೊಮ್ಮೆ. ಮಾತ್ರೆ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯ ಮೇಲೆ ಅದನ್ನು ನಂಬುವಂತಿಲ್ಲ. ಅದಕ್ಕೇ ಎರಡನೆಯ ಸಲ. ಇದನ್ನು ಮರೆತವರ ಮನೆಯಲ್ಲೇ ತುರಿಕೆ ತಿರುಗಿ ಬರುವುದನ್ನು ನೋಡಿದ್ದೇನೆ.

ಮುಲುಂಡ್ ಸದಸ್ಯ: ಮೇಡಂ, ನನಗೆ ತುರಿಕೆ ಇಲ್ಲ. ಮಳೆ ಶುರುವಾದಾಗಿನಿಂದ ಹೊಟ್ಟೆ ಉಬ್ಬರ, ಕೊಳೆತ ಮೊಟ್ಟೆಯ ವಾಸನೆಯ ತೇಗು, ಜಿಡ್ಡುಜಿಡ್ಡಾಗಿ ಭೇದಿ. ಹಾಲು ಕುಡಿದರೆ ಇನ್ನೂ ಹೆಚ್ಚು. ಮೆಡಿಕಲ್‌ನಲ್ಲಿ ಜಂತಿನ ಮಾತ್ರೆ ಒಂದು ತಗೊಂಡೆ, ಏನೂ ಆಗಲಿಲ್ಲ.

ಡಾಕ್ಟರ್: ಇದು ಹುಳವೇ ಅಲ್ಲದಿರಬಹುದು. ಹೀಗಿದ್ದಾಗ ನನಗೆ ಮೊದಲು ಅನುಮಾನ ಬರುವುದು ಜಿಯಾರ್ಡಿಯಾ ಎಂಬ ಏಕಕೋಶ ಜೀವಿಯ ಮೇಲೆ. ಒಂದು ಜಂತಿನ ಮಾತ್ರೆಗೆ ಅದು ಬಗ್ಗುವುದಿಲ್ಲ, ಟಿನಿಡಜೋಲ್ ಅಥವಾ ಮೆಟ್ರೊನಿಡಜೋಲ್ ಬೇಕಾಗುತ್ತದೆ. ದಿನವೂ ಮಲದಲ್ಲಿ ಕಾಣಿಸಿಕೊಳ್ಳುವುದಿಲ್ಲ, ಆದ್ದರಿಂದ ಬೇರೆ ಬೇರೆ ದಿನದ ಮೂರು ಸ್ಯಾಂಪಲ್ ಕೊಡಿ. ವಾಸಿಯಾದ ಮೇಲೂ ಕೆಲವು ವಾರ ಹಾಲು ಒಗ್ಗದಿರಬಹುದು, ಮೊಸರು ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ಓಮದ ನೀರಿನಿಂದ ಉಬ್ಬರಕ್ಕೆ ಹಾಯೆನಿಸಬಹುದು, ಸೋಂಕು ಹೋಗುವುದಿಲ್ಲ. ಸೊಸೈಟಿಯ ಟ್ಯಾಂಕ್ ತೊಳೆದು ಎಷ್ಟು ದಿನವಾಯಿತು, ವಿಚಾರಿಸಿ. ಕುಡಿಯುವ ನೀರನ್ನು ಒಂದು ನಿಮಿಷ ಕೊತಕೊತ ಕುದಿಸಿದರೆ ಸಾಕು. ಮಾಮೂಲಿ ಪ್ರಮಾಣದ ಕ್ಲೋರಿನ್ನಿಗೆ ಜಿಯಾರ್ಡಿಯಾ ಸುಲಭವಾಗಿ ಸಾಯುವುದಿಲ್ಲ.

ನೆರೂಳ್‌ನ ಹಿರಿಯ ಸದಸ್ಯರು: ನಾವು ಶುದ್ಧ ಸಸ್ಯಾಹಾರಿಗಳು. ಲಾಡಿಹುಳು ನಮಗೆ ಬರುವ ಪ್ರಶ್ನೆಯೇ ಇಲ್ಲ, ಅಲ್ಲವೇ? ಮೊಮ್ಮಕ್ಕಳಿಗೆ ಪಪ್ಪಾಯಿ ಬೀಜ ಜೇನುತುಪ್ಪ ಕೊಡುತ್ತೇನೆ, ಸರಿಯೇ?

ಡಾಕ್ಟರ್: ರಾಯರೇ, ಹಂದಿಯ ಲಾಡಿಹುಳು ಕರುಳಿನಲ್ಲಿ ಬೆಳೆಯುವುದು ಸರಿಯಾಗಿ ಬೇಯದ ಹಂದಿಮಾಂಸ ತಿಂದವರಲ್ಲಿ, ನಿಜ. ಆದರೆ ಅವರ ಮಲದಿಂದ ಹೊರಬಿದ್ದ ಮೊಟ್ಟೆ ನೀರು, ಸೊಪ್ಪಿನ ಮೂಲಕ ಯಾರ ಹೊಟ್ಟೆಗೂ ಹೋಗಬಹುದು. ಆಗ ಮರಿ ಮಿದುಳಿಗೆ ಹೋಗಿ ಗಂಟಾಗಿ ಕೂರುತ್ತದೆ. ನಮ್ಮ ದೇಶದಲ್ಲಿ ದೊಡ್ಡವರಾದ ಮೇಲೆ ಹೊಸದಾಗಿ ಫಿಟ್ಸ್ ಶುರುವಾಗಲು ಇದೊಂದು ದೊಡ್ಡ ಕಾರಣ, ಸಸ್ಯಾಹಾರಿಗಳಲ್ಲೂ ಕಾಣುತ್ತೇವೆ. ಲೋಕಲ್ ಟ್ರೈನಿನ ಹಳಿಗಳ ಪಕ್ಕ ಚರಂಡಿ ನೀರು ಹಾಯಿಸಿ ಬೆಳೆಯುತ್ತಿದ್ದ ಪಾಲಕ್, ಲಾಲ್ ಮಾಠ್ (ಕೆಂಪು ಹರಿವೆ), ಮೂಲಂಗಿ ನಿಮಗೂ ಗೊತ್ತು. ಸೊಪ್ಪನ್ನು ಎಸಳೆಸಳಾಗಿ ಬಿಡಿಸಿ, ಹರಿಯುವ ನೀರಿನಲ್ಲಿ ತೊಳೆದು, ಬೇಯಿಸಿಯೇ ತಿನ್ನಿ. ಮಳೆಗಾಲದಲ್ಲಿ ಹಸಿ ಕೋಸಂಬರಿಗೆ ಸೊಪ್ಪು ಬೇಡ ಎಂದು ನನ್ನ ಸಲಹೆ, ಇಷ್ಟವಾಗದಿದ್ದರೂ.

ಪಪ್ಪಾಯಿ ಬೀಜದ ಮೇಲೆ ನೈಜೀರಿಯಾದ ಮಕ್ಕಳಲ್ಲಿ ನಡೆದ ಒಂದು ಚಿಕ್ಕ ಅಧ್ಯಯನ 2007ರಲ್ಲಿ ಪ್ರಕಟವಾಗಿದೆ. ಒಣಗಿಸಿದ ಬೀಜ, ಜೇನು ಕೊಟ್ಟ 30 ಮಕ್ಕಳಲ್ಲಿ 23 ಮಂದಿಯ ಮಲ ಸ್ವಚ್ಛವಾಯಿತು. ಆಶೆ ಹುಟ್ಟಿಸುವ ವಿಷಯವೇ. ಆದರೆ ಅಷ್ಟು ಕಡಿಮೆ ಮಕ್ಕಳ ಮೇಲಿನ ಫಲಿತಾಂಶವನ್ನು ನೆಚ್ಚಿಕೊಂಡು ಮಾತ್ರೆ ಬಿಡಿಸಲು ನಾನು ಒಪ್ಪುವುದಿಲ್ಲ. ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡ, ಗರ್ಭಿಣಿಯರಿಗೆ ಈ ಬೀಜ ಬೇಡ.

ನೀವು ಊರಿಗೆ ಹೋದಾಗ ಮೊಮ್ಮಕ್ಕಳು ತೋಟದಲ್ಲಿ ಬರಿಗಾಲಲ್ಲಿ ಓಡುತ್ತಾರಲ್ಲ, ಕೊಕ್ಕೆಹುಳು ಅಂಗಾಲಿನ ಚರ್ಮದಿಂದಲೇ ಒಳಹೋಗುತ್ತದೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವುದರಿಂದ ಮಗು ಬಿಳುಚಿಕೊಂಡು ಸುಸ್ತಾಗುತ್ತದೆ, ಹುಳ ಕಣ್ಣಿಗೆ ಬೀಳುವುದಿಲ್ಲ. ಎರೆಹುಳದಷ್ಟು ದಪ್ಪದ್ದು ಬಿದ್ದರೆ ಅದು ದುಂಡುಹುಳು. ಅಂಥ ಮಗುವಿಗೆ ಹೊಟ್ಟೆ ಉಬ್ಬಿ, ಹಿಂಡುವ ನೋವಿನ ಜೊತೆ ವಾಂತಿ ಶುರುವಾದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಿ, ಹುಳಗಳ ಗಂಟು ಕರುಳನ್ನೇ ಕಟ್ಟಿಹಾಕಿರಬಹುದು. ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು, ಫಿಟ್ಸ್ ಇದ್ದರೂ ಹಾಗೆಯೇ ಕೂಡಲೇ ತೋರಿಸಿ.

ಡೊಂಬಿವಲಿಯ ಸದಸ್ಯೆ: ಇನ್ನೊಂದು ಪ್ರಶ್ನೆ ಡಾಕ್ಟ್ರಮ್ಮಾ. ಫೆಬ್ರವರಿಯಲ್ಲಿ ಶಾಲೆಯಲ್ಲಿ ಜಂತಿನ ಮಾತ್ರೆ ಕೊಟ್ಟಿದ್ದರು. ಮತ್ತೆ ಕೊಡಬಹುದೇ? ಮನೆಯಲ್ಲಿ ಎಂಟು ತಿಂಗಳ ಮಗುವೂ ಇದೆ, ನಾದಿನಿಗೆ ಈಗ ಎರಡು ತಿಂಗಳು.

ಡಾಕ್ಟರ್: ಕೊಡಬಹುದು. ಅದು 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಮಾತ್ರೆ, 1ರಿಂದ 19 ವರ್ಷದವರಿಗೆ. ಹುಳವನ್ನು ಕೊಲ್ಲುತ್ತದೆಯೇ ಹೊರತು ಮುಂದೆ ಬಾರದಂತೆ ತಡೆಯುವುದಿಲ್ಲ. ಮಗಳಿಗೆ 400 ಮಿಲಿಗ್ರಾಂನ ಒಂದು ಮಾತ್ರೆ, ಚೆನ್ನಾಗಿ ಅಗಿದು ನುಂಗಲಿ. ಲಿವರ್ ತೊಂದರೆ, ಫಿಟ್ಸ್ ಅಥವಾ ಬೇರೆ ಔಷಧ ನಡೆಯುತ್ತಿದ್ದರೆ ನಿಮ್ಮ ವೈದ್ಯರಿಗೆ ಮೊದಲೇ ಹೇಳಿ. ಎಂಟು ತಿಂಗಳ ಮಗುವಿಗೆ ನೀವಾಗಿಯೇ ಕೊಡಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ನಾದಿನಿಗೆ ಮೊದಲ ಮೂರು ತಿಂಗಳು ಮಾತ್ರೆ ಬೇಡ. ಆಕೆಯ ಹಾಸಿಗೆ, ಟವೆಲ್ ಬೇರೆ ಮಾಡಿ, ಮುಂದಿನ ತಪಾಸಣೆಗೆ ಹೋದಾಗ ಮನೆಯಲ್ಲಿ ಹೀಗಾಗಿದೆ ಎಂದು ಹೇಳಲಿ.