ಕೆಳಗಿನ ಫ್ಲೇಂಜ್ ವೆಲ್ಡ್‌ನಲ್ಲಿ ಯುಟಿ (ಅಲ್ಟ್ರಾಸಾನಿಕ್ ತಪಾಸಣೆ) ಸಿಗ್ನಲ್: ಬ್ಯಾಕಿಂಗ್ ಬಾರ್‌ದೋ, ಬಿರುಕಿನದೋ?

ರೂಟ್‌ಪಾಸ್: ಬಹುಮಹಡಿ ಕಟ್ಟಡ, ಮೊಮೆಂಟ್ ಫ್ರೇಮ್ (ತೊಲೆ-ಕಂಬಗಳ ಬಿಗಿ ಜೋಡಣೆಯೇ ಅಡ್ಡಬಲ ತಡೆಯುವ ಉಕ್ಕಿನ ಚೌಕಟ್ಟು), ಭೂಕಂಪಕ್ಕೆ ಲೆಕ್ಕ ಹಾಕಿದ್ದು. ತೊಲೆಯ ಫ್ಲೇಂಜ್‌ಗಳನ್ನು (ಮೇಲಿನ, ಕೆಳಗಿನ ಅಡ್ಡ ಪಟ್ಟಿಗಳು) ಕಂಬಕ್ಕೆ ಫುಲ್ ಪೆನೆಟ್ರೇಶನ್ (ಪೂರ್ತಿ ದಪ್ಪಕ್ಕೆ) ವೆಲ್ಡ್ ಮಾಡಿದ್ದೇವೆ. ಮೇಲಿನ ಫ್ಲೇಂಜ್‌ಗಳೆಲ್ಲ ಯುಟಿಯಲ್ಲಿ ಪಾಸ್. ಕೆಳಗಿನದರಲ್ಲಿ ನಾಲ್ಕು ಕಡೆ, ಸರಿಯಾಗಿ ವೆಬ್ಬಿನ (ಎರಡು ಫ್ಲೇಂಜ್ ಸೇರಿಸುವ ನಿಂತ ಹಲಗೆ) ನೇರಕ್ಕೆ, ರೂಟ್ (ವೆಲ್ಡಿನ ಬುಡ) ಹತ್ತಿರ ಸಿಗ್ನಲ್ ಬರ್ತಿದೆ. ವೆಲ್ಡರ್ "ಅದು ಬ್ಯಾಕಿಂಗ್ ಬಾರ್‌ದು ಸಾರ್, ಯಾವಾಗಲೂ ಬರುತ್ತೆ" ಅಂತಾನೆ. ಬಾರ್ ಅಂದರೆ ವೆಲ್ಡಿನ ಬುಡಕ್ಕೆ ಆಸರೆಯಾಗಿಟ್ಟ ಪಟ್ಟಿ. ಬಿಟ್ಟುಬಿಡಬಹುದಾ? ವೆಲ್ಡಿಂಗ್ ತಂತಿ ಇ70ಟಿ-4.

ಕಿಡಿಹುಳ: ವೆಲ್ಡರ್ ಹೇಳಿದ್ದು ಸುಳ್ಳೇ ಆಗಬೇಕಿಲ್ಲ, ಆದರೆ ಸಮಾಧಾನಪಡುವಂಥದ್ದೂ ಅಲ್ಲ. ಕೆಳಗಿನ ಫ್ಲೇಂಜ್‌ಗೆ ಬೆಸುಗೆ ಹಾಕುವಾಗ ವೆಬ್ ಅಡ್ಡ ಬರುತ್ತೆ. ಪ್ರತಿ ಪಾಸನ್ನೂ (ಬೆಸುಗೆಯ ಒಂದು ಪದರ) ಆಕ್ಸೆಸ್ ಹೋಲ್ (ವೆಲ್ಡ್ ಹಾಕಲು ವೆಬ್ಬಿನಲ್ಲಿ ಕೊರೆದ ಕಿಂಡಿ) ಹತ್ತಿರ ನಿಲ್ಲಿಸಿ, ಆಚೆಯಿಂದ ಮತ್ತೆ ಶುರು ಮಾಡಬೇಕು. ಸ್ಲ್ಯಾಗ್ (ಬೆಸುಗೆಯ ಕಿಟ್ಟ) ಸಿಕ್ಕಿಕೊಳ್ಳೋದು, ಬೆಸೆಯದೆ ಉಳಿಯೋದು ಅಲ್ಲೇ. ಮೇಲಿಂದ ಪ್ರೋಬ್ ಆಡಿಸೋಕೂ ಅದೇ ವೆಬ್ ಅಡ್ಡ.

ಬರೀ ಬಾರ್‌ನ ಸಿಗ್ನಲ್ ಅಂದುಕೊಂಡರೂ, ಬಾರ್‌ಗೂ ಕಂಬಕ್ಕೂ ನಡುವೆ ಬೆಸೆಯದೆ ಉಳಿದ ಸಂದು ಇದೆಯಲ್ಲ, ಬಿರುಕು ಹುಟ್ಟೋಕೆ ಅದೇ ಸಾಕು. ಕೆಳಗಿನ ಫ್ಲೇಂಜ್‌ನಲ್ಲಿ ಅದು ಅತಿ ಹೆಚ್ಚು ಎಳೆತ ಬೀಳುವ ಹೊರ ಅಂಚಿಗೇ ಬರುತ್ತೆ. ಮೇಲಿನದರಲ್ಲಿ ಒಳಬದಿಗಿರುತ್ತೆ, ಅಷ್ಟು ಕಾಟವಿಲ್ಲ.

ಹಳೇಕಬ್ಬಿಣ: ರೂಟ್‌ಪಾಸ್, ನನಗೆ ಹೆದರಿಕೆಯಾಗಿದ್ದು ನಿಮ್ಮ ತಂತಿಯ ಹೆಸರಿನ ಸಾಲು ನೋಡಿ! 1994ರ ಜನವರಿ 17ರಂದು ಲಾಸ್ ಏಂಜಲೀಸ್‌ನ ನಾರ್ತ್‌ರಿಡ್ಜ್ ಭೂಕಂಪದಲ್ಲಿ (ತೀವ್ರತೆ 6.7) ನೂರಕ್ಕೂ ಹೆಚ್ಚು ಉಕ್ಕಿನ ಕಟ್ಟಡಗಳ ಇಂಥದೇ ಜಾಯಿಂಟ್‌ಗಳು ಬಿರಿದವು. ಆಗ ಹೆಚ್ಚಾಗಿ ಬಳಸುತ್ತಿದ್ದದ್ದು ಇದೇ ತಂತಿ. ಅದಕ್ಕೆ ಚಾರ್ಪಿ (ಹೊಡೆತಕ್ಕೆ ಸೀಳದೆ ತಾಳುವ ಗುಣದ ಪರೀಕ್ಷೆ) ಟಫ್‌ನೆಸ್‌ನ ಷರತ್ತೇ ಇಲ್ಲ. ಬಿರುಕು ರೂಟ್‌ನಲ್ಲಿ ಹುಟ್ಟಿ, ಕೆಲವು ಕಡೆ ಕಂಬದ ಫ್ಲೇಂಜ್ ಸೀಳಿ ಕಂಬದ ವೆಬ್‌ಗೂ ನುಗ್ಗಿತ್ತು. ಯಾವುದೂ ಕುಸಿಯಲಿಲ್ಲ. ಫೈರ್‌ಪ್ರೂಫಿಂಗ್ ಕೆರೆದು ನೋಡುವವರೆಗೆ ಎಷ್ಟೋ ಕಡೆ ಗೊತ್ತೂ ಆಗಲಿಲ್ಲ. ತೊಲೆಯ ಉಕ್ಕು ಕಾಗದದಲ್ಲಿದ್ದ ಕನಿಷ್ಠ ಬಲಕ್ಕಿಂತ (250 ಎಂಪಿಎ) ಬಹಳ ಗಟ್ಟಿಯಿತ್ತು, ಹಾಗಾಗಿ ತೊಲೆ ಬಾಗುವ ಮೊದಲೇ ವೆಲ್ಡ್ ಸೋತಿತು.

ರೂಟ್‌ಪಾಸ್: ಒಂದು ಕಡೆ ಬಾರ್ ತೆಗೆದು ಗೌಜ್ ಮಾಡಿಸಿದೆ (ವೆಲ್ಡನ್ನು ಕೆತ್ತಿಸಿದೆ). ಸ್ಲ್ಯಾಗ್ ಸಿಕ್ಕಿತು. ಅದರ ತುದಿಯಲ್ಲಿ ಮ್ಯಾಗ್ನೆಟಿಕ್ ಪಾರ್ಟಿಕಲ್ ಟೆಸ್ಟ್‌ನಲ್ಲಿ (ಕಾಂತ, ಕಬ್ಬಿಣದ ಪುಡಿಯಿಂದ ಬಿರುಕು ಹುಡುಕೋದು) ಕೂದಲೆಳೆಯಷ್ಟು ಗೆರೆ. ಚಾರ್ಪಿ ಸರ್ಟಿಫಿಕೇಟ್ ಇರೋದು ಪ್ಲೇಟ್‌ಗೆ, ತಂತಿಗಲ್ಲ. ಮೇಲಿಂದ ಇನ್ನಷ್ಟು ವೆಲ್ಡ್ ತುಂಬಿಸಿದರೆ?

ಕಿಡಿಹುಳ: ಬೇಡ. ಬಿರುಕು ಒಳಗೇ ಉಳಿಯುತ್ತೆ, ಜೊತೆಗೆ ಕುಗ್ಗುವಿಕೆಯ ಎಳೆತವೂ ಸೇರುತ್ತೆ. ಗೆರೆ ಪೂರ್ತಿ ಮಾಯವಾಗುವವರೆಗೆ ಗೌಜ್ ಮಾಡಿ, ಗ್ರೈಂಡ್ ಮಾಡಿ, ಪ್ರೀಹೀಟ್ ಕೊಟ್ಟು (ಮೊದಲೇ ಕಾಯಿಸಿ), ಟಫ್‌ನೆಸ್ ರೇಟಿಂಗ್ ಇರುವ ತಂತಿಯಲ್ಲಿ ತುಂಬಿಸಿ, ಕೆಳಗೆ ಫಿಲೆಟ್ (ಮೂಲೆಗೆ ಹಾಕುವ ಬೆಸುಗೆ) ಹಾಕಿ. ಮೇಲಿನ ಫ್ಲೇಂಜ್‌ನ ಬಾರ್ ಇರಲಿ, ಆದರೆ ಅದನ್ನು ಕಂಬಕ್ಕೆ ಫಿಲೆಟ್‌ನಿಂದ ಸೇರಿಸಿ. ತೊಲೆಗೆ ಬೆಸೆಯಲೇಬೇಡಿ. ಯುಟಿಯನ್ನು 48 ಗಂಟೆ ಬಿಟ್ಟು ಮಾಡಿಸಿ, ಹೈಡ್ರೋಜನ್ ಬಿರುಕು ತಡವಾಗಿ ಬಾಯಿ ಬಿಡುತ್ತೆ.

ಹಳೇಕಬ್ಬಿಣ: ಪಾಸ್ ಆದ ಜಾಯಿಂಟ್‌ಗಳಲ್ಲೂ ಅದೇ ತಂತಿಯೇ ತಾನೆ ಇರೋದು? ಅದನ್ನು ಡಿಸೈನರ್‌ಗೆ ಬರವಣಿಗೆಯಲ್ಲೇ ತಿಳಿಸಿ.

ರೂಟ್‌ಪಾಸ್: ಪತ್ರ ಹೋಯ್ತು. ವೆಲ್ಡಿಂಗ್ ನಿಲ್ಲಿಸಿದ್ದೀನಿ.