ಗಿಬ್ಸ್ ಅರ್ಧ, ಜಗಳ ಪೂರ್ತಿ

ನಮ್ಮ ಹಾಸ್ಟೆಲ್ ಗುಂಪಿನಲ್ಲಿ ಐವತ್ತು ಚಿಲ್ಲರೆ ಜನ ಇದ್ದೇವೆ. ಅರ್ಧ ಬೆಂಗಳೂರು, ಮೈಸೂರು. ಉಳಿದರ್ಧ ಅಮೆರಿಕ. ಅಮೆರಿಕದ ಹನ್ನೆರಡು ಜನ ಸೇರಿ ವರ್ಷಾ ವರ್ಷಾ ಫ್ಯಾಂಟಸಿ ಫುಟ್‌ಬಾಲ್ ಆಡುತ್ತೇವೆ: ಅಮೆರಿಕನ್ ಫುಟ್‌ಬಾಲಿನ ನಿಜ ಆಟಗಾರರನ್ನು ನಮ್ಮ ನಮ್ಮ ತಂಡಕ್ಕೆ ಆರಿಸಿಕೊಂಡು, ಅವರು ಮೈದಾನದಲ್ಲಿ ಆಡಿದ್ದಕ್ಕೆ ಅಂಕ ಎಣಿಸುವ ಆಟ. ಅದಕ್ಕೆ ಬೇರೆ ಗುಂಪು ಮಾಡಿಕೊಳ್ಳಿ ಎಂದು ಎಷ್ಟು ಸಲ ಬೈಸಿಕೊಂಡರೂ ಮಾಡಿಲ್ಲ. ನೋಡುವವರಿಲ್ಲದ ಜಗಳಕ್ಕೆ ರುಚಿ ಎಲ್ಲಿ?

2025ರ ಆಗಸ್ಟ್ 24, ಭಾನುವಾರ. ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಒಂದು ವಾರ ಬಾಕಿ. ಬೋಂಡಾ ಒಂದು ಚಿತ್ರ ಕಳಿಸಿದ. ಊರೆಲ್ಲ ತಿರುಗಿ ಬಂದ ಫಾರ್ವರ್ಡ್, ಅಕ್ಷರಗಳೇ ಮಸುಕಾಗಿದ್ದವು. ಎಡಕ್ಕೆ ಡೆಟ್ರಾಯಿಟ್ ಲಯನ್ಸ್ ತಂಡದ ಜಮೀರ್ ಗಿಬ್ಸ್, ಬಲಕ್ಕೆ ಅದೇ ತಂಡದ ಡೇವಿಡ್ ಮೊಂಟ್ಗಮರಿ. ಮಧ್ಯೆ ಕೆಂಪಗೆ ಬರೆದಿದ್ದರ ಸಾರ ಇಷ್ಟು: ಅರ್ಧ ಓಟಗಾರನಿಗೆ ಪೂರ್ತಿ ಬೆಲೆ ಕೊಡಬೇಡಿ.

ಊರಲ್ಲಿರುವವರಿಗೆ ಒಂದು ಮಾತು. ಚೆಂಡನ್ನು ಎದೆಗೆ ಅವಚಿಕೊಂಡು ಗುಂಪಿನೊಳಗೆ ನುಗ್ಗುವವನು ರನ್ನಿಂಗ್ ಬ್ಯಾಕ್. ಕೆಲವು ತಂಡಗಳಲ್ಲಿ ಈ ಕೆಲಸವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ನಮ್ಮ ಲೀಗಿನಲ್ಲಿ 10 ಗಜಕ್ಕೆ 1 ಅಂಕ, ಚೆಂಡನ್ನು ಗೋಲ್ ಗೆರೆ ದಾಟಿಸುವ ಟಚ್‌ಡೌನ್‌ಗೆ 6, ಹಿಡಿದ ಪ್ರತಿ ಪಾಸ್‌ಗೆ 1. ಹಾಗಾಗಿ ಇಬ್ಬರ ನಡುವೆ ಪಾಲಾದ ಓಟಗಾರನನ್ನು ಮೊದಲ ಸುತ್ತಿನಲ್ಲೇ ಆರಿಸಬೇಕೋ ಬೇಡವೋ ಎಂಬುದು ನಮ್ಮಂಥವರಿಗೆ ನಿದ್ದೆ ಕೆಡಿಸುವ ವಿಷಯ.

ಲೆಡ್ಜರ್: ಮೂಲ ಎಲ್ಲಿ?

ಬೋಂಡಾ: ಆಫೀಸ್ ಗುಂಪಿನಲ್ಲಿ ಬಂತು.

ಲೆಡ್ಜರ್: ಆಫೀಸ್ ಗುಂಪು ಮೂಲ ಅಲ್ಲ, ಮೋರಿ.

ಇವನು ಹಾಸ್ಟೆಲಿನಲ್ಲಿ ಮೆಸ್ ಲೆಕ್ಕ ಬರೆಯುತ್ತಿದ್ದವನು. ಯಾರು ಎಷ್ಟು ಚಪಾತಿ ಜಾಸ್ತಿ ತಿಂದರು ಎಂದು ಇವತ್ತಿಗೂ ಹೇಳುತ್ತಾನೆ.

ಮೀಟರ್: ನನಗೂ ಅದೇ ಅನುಮಾನ ಇತ್ತು. ಗೋಲ್ ಗೆರೆ ಹತ್ತಿರ ಬಂದರೆ ಚೆಂಡು ಮೊಂಟ್ಗಮರಿಗೆ. ಗಿಬ್ಸ್ ಮೈದಾನ ಪೂರ್ತಿ ಉಳುತ್ತಾನೆ, ಫಸಲು ಇನ್ನೊಬ್ಬನ ಪಾಲು.

ಮೀಟರ್ ಚಿತ್ರ ಓದಿದ್ದು ಅಷ್ಟೇ. ಅವನ ಅನುಮಾನವೇ ಅಚ್ಚಾಗಿ ಬಂದಿತ್ತಲ್ಲ, ಇನ್ನೇನು ಓದಬೇಕು? ಆಮೇಲೆ ನೆನಪಾಯಿತು ನೋಡಿ, ಚಿತ್ರ ಕಳಿಸಿದವನು ಬೋಂಡಾ.

ಮೀಟರ್: ಒಂದು ನಿಮಿಷ. ಇದರಲ್ಲಿ ನಿನಗೇನು ಲಾಭ? ಬಿಜಾನ್ ವಿಷಯ ನಾನಿನ್ನೂ ಮರೆತಿಲ್ಲ.

ಬಿಜಾನ್ ವಿಷಯ ಅಂದರೆ ಇದು. 2023ರ ಅಕ್ಟೋಬರ್‌ನಲ್ಲಿ ಬೋಂಡಾ ತನ್ನ ಬಿಜಾನ್ ರಾಬಿನ್ಸನ್‌ನನ್ನು ಮೀಟರ್‌ಗೆ ಬದಲಿ ಕೊಟ್ಟ. ಮೂರೇ ದಿನಕ್ಕೆ, 22ನೇ ತಾರೀಕು, ಟ್ಯಾಂಪಾದಲ್ಲಿ ಪಂದ್ಯ. ಬಿಜಾನ್‌ಗೆ ತಲೆನೋವು. ಇಡೀ ಪಂದ್ಯದಲ್ಲಿ 1 ಕ್ಯಾರಿ (ಚೆಂಡು ಹೊತ್ತು ಓಡಿದ್ದು ಒಂದೇ ಸಲ), 3 ಗಜ. ನಮ್ಮ ಲೆಕ್ಕದಲ್ಲಿ 0.3 ಅಂಕ. ಮೀಟರ್ ಆ ವಾರ ಸೋತ. ಬೋಂಡಾ ಇರುವುದು ಅಟ್ಲಾಂಟಾದಲ್ಲಿ, ಬಿಜಾನ್ ಆಡುವುದೂ ಅಟ್ಲಾಂಟಾಗೆ. ಆದ್ದರಿಂದ ಅವನಿಗೆ ಮೊದಲೇ ಗೊತ್ತಿತ್ತು ಎನ್ನುವುದು ಮೀಟರ್‌ನ ವಾದ. ಸಾಕ್ಷಿಯೂ ಅದೇ.

ಬೋಂಡಾ: ಅವನ ತಲೆನೋವು ನನಗೆ ಹೇಗೆ ಗೊತ್ತಾಗುತ್ತದೆ ಮಾರಾಯ? ನಾನೇನು ಅವನ ಅಮ್ಮನಾ?

ಅಷ್ಟರಲ್ಲಿ ಮೈಸೂರಿನಲ್ಲಿ ಬೆಳಕಾಯಿತು. ರಾಯರು ಎದ್ದರು. ನಮಗಿಂತ ಮೂರೇ ವರ್ಷ ಸೀನಿಯರ್, ಆದರೆ ಮಾತು ಕೇಳಿದರೆ ಮೂವತ್ತು ವರ್ಷ ಅನಿಸುತ್ತದೆ.

ರಾಯರು: ಮೊನ್ನೆ 21ಕ್ಕೆ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಮರುದಿನವೇ ರಾಷ್ಟ್ರಪತಿಗಳ ಅಂಕಿತ. ನೀವು ಇನ್ನೂ ಇದರಲ್ಲೇ ಇದ್ದೀರಿ.

ಮೀಟರ್: ಸಾರ್, ಅದು ಇಂಡಿಯಾ. ನಾವು ತಲೆಗೆ 50 ಡಾಲರ್ ಹಾಕುವುದು ಇಲ್ಲಿ.

ರಾಯರು: ಸಮುದ್ರ ದಾಟಿದ ಮಾತ್ರಕ್ಕೆ ಇಸ್ಪೀಟು ಭಜನೆ ಆಗುವುದಿಲ್ಲ.

ಬೋಂಡಾ: ನಮಗೆ ರಮ್ಮಿ ಕಲಿಸಿದ್ದು ನೀವೇ ಅಲ್ವಾ ಸಾರ್?

ಇದಕ್ಕೆ ಉತ್ತರ ಬರಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಬಂದ ಮಾತು: "ಆ ಇಬ್ಬರು ಹುಡುಗರು ಜಗಳವಾಡದೆ ಹಂಚಿಕೊಂಡು ಆಡುತ್ತಿದ್ದಾರಲ್ಲ, ಅದನ್ನು ನೋಡಿ ಕಲಿಯಿರಿ. ಕೂಡಿ ಬಾಳಿದರೆ ಸ್ವರ್ಗ ಸುಖ."

ಕೂಡಿ ಬಾಳುವ ಮಾತು ಬಂದಿದ್ದೇ ತಡ, ಟೇಪ್ ರೆಕಾರ್ಡರ್ ಶುರುವಾಯಿತು.

ಟೇಪ್: ಹಂಚಿಕೊಂಡು ಆಡುವುದು ಅಂದರೆ ಶ್ರೀನಾಥ್, ಕುಂಬ್ಳೆ. 1996, ಅಕ್ಟೋಬರ್ 21, ಟೈಟನ್ ಕಪ್, ಚಿನ್ನಸ್ವಾಮಿ. ಆಸ್ಟ್ರೇಲಿಯಾ 215. ಸಚಿನ್ 88ಕ್ಕೆ ಔಟ್. ಟಿವಿ ಹಾಲ್‌ನಲ್ಲಿ ಅರ್ಧ ಜನ ಎದ್ದು ಮೆಸ್‌ಗೆ ಹೋದರು. ಆಮೇಲೆ ಇಬ್ಬರೇ ಸೇರಿ 52 ರನ್. ಕುಂಬ್ಳೆಯ ಅಮ್ಮನನ್ನು ಟಿವಿಯಲ್ಲಿ ತೋರಿಸಿದರು, ನೆನಪಿದೆಯಾ?

ಲೆಡ್ಜರ್: ಶ್ರೀನಾಥ್ 30, ಕುಂಬ್ಳೆ 16. ಇಬ್ಬರೂ ನಾಟೌಟ್.

ಟೇಪ್: ಮೂಲ ಎಲ್ಲಿ?

ಲೆಡ್ಜರ್: ನಾನೇ ನೋಡಿದ್ದೇನೆ. ಮೆಸ್‌ಗೆ ಹೋದವರಲ್ಲಿ ನೀನೂ ಒಬ್ಬ.

ಅಲ್ಲಿಂದ ನಲವತ್ತು ಸಂದೇಶ, ಯಾರು ಹೋದರು ಯಾರು ಕೂತರು ಎಂದು. ನಾನು ಕೂತಿದ್ದೆ. ಸುಮ್ನೆ ಹೇಳಿದೆ, ಅಷ್ಟೇ.

ಈ ಗಲಾಟೆಯ ಮಧ್ಯೆ ನಾನು ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಮೊಂಟ್ಗಮರಿ 219 ಕ್ಯಾರಿ, 1015 ಗಜ, 13 ಟಚ್‌ಡೌನ್. ಗಿಬ್ಸ್ 182 ಕ್ಯಾರಿ, 945 ಗಜ, 10. ಇದು 2023ರ ಲೆಕ್ಕ! ಗಿಬ್ಸ್ ಆಗಿನ್ನೂ ಹೊಸ ಹುಡುಗ. 2024ರಲ್ಲಿ ತಕ್ಕಡಿ ಉಲ್ಟಾ ಆಯಿತು: ಗಿಬ್ಸ್ 250 ಕ್ಯಾರಿ, 1412 ಗಜ, 16 ಟಚ್‌ಡೌನ್. ಮೊಂಟ್ಗಮರಿ 185 ಕ್ಯಾರಿ, 775 ಗಜ, 12. ಎರಡು ವರ್ಷ ಹಳೆಯ ಅನ್ನಕ್ಕೆ ಹೊಸ ಒಗ್ಗರಣೆ. ಮೂಲ ಕೇಳಿದ ಲೆಡ್ಜರ್ ಕೂಡ ಚಿತ್ರ ಬಿಚ್ಚಿ ನೋಡಿರಲಿಲ್ಲ.

ನಾನಿರುವುದು ಡೆಟ್ರಾಯಿಟ್ ಪಕ್ಕದಲ್ಲೇ. ರಕ್ತ ಬಿಸಿಯಾಯಿತು. ಉದ್ದಕ್ಕೆ ಬರೆದೆ. ಗಿಬ್ಸ್ 52 ಪಾಸ್ ಹಿಡಿದು ಇನ್ನೂ 517 ಗಜ, 4 ಟಚ್‌ಡೌನ್ ಸೇರಿಸಿದ್ದಾನೆ. ಫಂಬಲ್, ಅಂದರೆ ಚೆಂಡು ಕೈಜಾರಿಸಿದ್ದಕ್ಕೆ ಕಳೆಯದೆ 364.9 ಅಂಕ. ಅದೇ ವರ್ಷ ಫಿಲಡೆಲ್ಫಿಯಾ ತಂಡದಲ್ಲಿ ಒಬ್ಬನೇ ಹೊರೆ ಹೊತ್ತ ಸೇಕ್ವಾನ್ ಬಾರ್ಕ್ಲಿ 345 ಸಲ ಓಡಿ 2005 ಗಜ ದಾಟಿದರೂ, ಪಾಸ್ ಎಲ್ಲ ಸೇರಿ 351.3. ಅರ್ಧ ಓಟಗಾರ ಯಾರಪ್ಪಾ ಈಗ?

ಲೆಡ್ಜರ್ ಎರಡು ನಿಮಿಷದಲ್ಲಿ ನನ್ನನ್ನು ಮಡಚಿಟ್ಟ.

ಲೆಡ್ಜರ್: ಹದಿನೆಂಟನೇ ವಾರ ಕಳೆ.

ಅವನು ಹೇಳಿದ್ದು ಸರಿ. 2025ರ ಜನವರಿ 5ರ ರಾತ್ರಿ ವೈಕಿಂಗ್ಸ್ ಮೇಲೆ ಗಿಬ್ಸ್ ನಾಲ್ಕು ಟಚ್‌ಡೌನ್ ಹೊಡೆದಾಗ ನಾನು ಲಯನ್ಸ್ ಮೈದಾನ ಫೋರ್ಡ್ ಫೀಲ್ಡ್‌ನಲ್ಲಿದ್ದೆ. ನಾಲ್ಕನೆಯದಕ್ಕೆ ಪಕ್ಕದ ಸೀಟಿನ ತಾತ ಎದ್ದು ಕುಣಿದು ಅರ್ಧ ಪಾಪ್‌ಕಾರ್ನ್ ನನ್ನ ಜಾಕೆಟ್ ಟೋಪಿಯೊಳಗೆ ಸುರಿದ. ಮನೆಗೆ ಬಂದ ಮೇಲೆ ಸಿಕ್ಕಿತು. ಆ ರಾತ್ರಿಯ 46 ಅಂಕ ಮರೆಯುವುದುಂಟೇ? ಆದರೆ ನಮ್ಮ ಲೀಗಿನ ಫೈನಲ್ ಮುಗಿಯುವುದು ಹದಿನೇಳನೇ ವಾರಕ್ಕೆ. ಆ 46 ಯಾರ ಖಾತೆಗೂ ಬೀಳಲಿಲ್ಲ. ಬಾರ್ಕ್ಲಿ ಆ ವಾರ ಆಡಲೇ ಇಲ್ಲ. ಕಳೆದರೆ ಗಿಬ್ಸ್ 318.9. ಜೊತೆಗೆ ಮೊಂಟ್ಗಮರಿ ಮೊಣಕಾಲಿಗೆ ಪೆಟ್ಟಾಗಿ ಕೊನೆಯ ಮೂರು ಪಂದ್ಯ ಹೊರಗಿದ್ದ ಎಂದೂ ಲೆಡ್ಜರ್ ಸೇರಿಸಿದ.

ಸರಿ, ಅವನ ಲೆಕ್ಕವನ್ನೇ ಹಿಡಿಯೋಣ. ಹದಿನಾರು ಪಂದ್ಯದಲ್ಲಿ ಬಾರ್ಕ್ಲಿಗೆ ತಲಾ ಸುಮಾರು 22, ಗಿಬ್ಸ್‌ಗೆ ಸುಮಾರು 20. ಬಾರ್ಕ್ಲಿಗಿಂತ 118 ಕ್ಯಾರಿ ಕಡಿಮೆ ಸಿಕ್ಕವನಿಗೆ ಆದ ನಷ್ಟ ವಾರಕ್ಕೆ ಬರೀ 2 ಅಂಕ. ಲಯನ್ಸ್ ಆ ವರ್ಷ ಹೊಡೆದದ್ದು 564 ಪಾಯಿಂಟ್. ಹಂಡೆ ಅಷ್ಟು ದೊಡ್ಡದಿದ್ದರೆ ಸೌಟು ಇಬ್ಬರ ಕೈಯಲ್ಲಿದ್ದರೂ ಹೊಟ್ಟೆ ತುಂಬುತ್ತದೆ. ಮೊಂಟ್ಗಮರಿಗೂ ಆಡಿದ 14 ಪಂದ್ಯದಲ್ಲಿ ತಲಾ 15ರ ಮೇಲೆ ಬಿದ್ದಿದೆ. ಹೆದರಬೇಕಾದದ್ದು ಅವನಿಗಲ್ಲ. ಹಂಡೆಗೆ ಉರಿ ಹಾಕುತ್ತಿದ್ದ ದಾಳಿ ವಿಭಾಗದ ಕೋಚ್ ಬೆನ್ ಜಾನ್ಸನ್ ಜನವರಿಯಲ್ಲಿ ಶಿಕಾಗೋ ತಂಡಕ್ಕೆ ಮುಖ್ಯ ಕೋಚ್ ಆಗಿ ಹೋದ. ಮುಂದೆ ನಿಂತು ದಾರಿ ಬಿಡಿಸುತ್ತಿದ್ದ ಸೆಂಟರ್ ಫ್ರಾಂಕ್ ರ‍್ಯಾಗ್ನೋ ಜೂನ್‌ನಲ್ಲಿ ನಿವೃತ್ತನಾದ. ಕೇಳಬೇಕಾದ ಪ್ರಶ್ನೆ ಇದು ಅಲ್ವಾ?

ಇಷ್ಟನ್ನೂ ಬರೆದೆ. ಚಿತ್ರದ ಲೆಕ್ಕ ಹಳೆಯದು ಎಂದು ದಪ್ಪ ಅಕ್ಷರದಲ್ಲಿ ಹಾಕಿದೆ. ಬಂದದ್ದು ಒಂದು ಹೆಬ್ಬೆರಳು, ರಾಯರಿಂದ. ಅವರು ಎಲ್ಲದಕ್ಕೂ ಹೆಬ್ಬೆರಳು ಒತ್ತುತ್ತಾರೆ, ಸಾವಿನ ಸುದ್ದಿಗೂ. ಅದರ ಕೆಳಗೆ ಟೇಪ್ ನಮ್ಮ ಟಿವಿ ಹಾಲ್‌ನ ಹಳೆಯ ಫೋಟೋ ಹಾಕಿದ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಎಲ್ಲರೂ ತಮ್ಮ ತಮ್ಮ ತಲೆ ಹುಡುಕಲು ಹೋದರು.

ಮುಂದಿನ ಭಾನುವಾರ ಡ್ರಾಫ್ಟ್. ಮೊದಲ ಮೂವರು ಚೇಸ್, ಬಿಜಾನ್, ಬಾರ್ಕ್ಲಿಯನ್ನು ಒಯ್ದರು. ನಾಲ್ಕನೇ ಸರದಿ ಮೀಟರ್‌ನದು. ಗಡಿಯಾರ ಪೂರ್ತಿ ಓಡಿಸಿ, ಕೊನೆಯ ಕ್ಷಣದಲ್ಲಿ ಪಾಸ್ ಹಿಡಿಯುವ ಜಸ್ಟಿನ್ ಜೆಫರ್ಸನ್ ಎಂದ. "ಪಾಲಿನ ಸಹವಾಸ ಬೇಡ" ಅಂತ ಗುಂಪಿನಲ್ಲಿ ಬರೆದ ಕೂಡ.

ಐದನೆಯವನು ಬೋಂಡಾ. ಎರಡು ಸೆಕೆಂಡ್ ಆಗಿರಲಿಲ್ಲ. ಜಮೀರ್ ಗಿಬ್ಸ್.

ಗುಂಪಿನಲ್ಲಿ ಮೀಟರ್ ಹೆಸರಿನ ಕೆಳಗೆ 'ಟೈಪ್ ಮಾಡುತ್ತಿದ್ದಾರೆ' ಎಂದು ಕಂಡಿತು. ನಿಂತಿತು. ಮತ್ತೆ ಕಂಡಿತು. ನಾಲ್ಕು ನಿಮಿಷ ಆದ ಮೇಲೆ ಒಂದೇ ಸಾಲು ಬಂತು.

ಮೀಟರ್: ಅವನಿಗೆ ತಲೆನೋವು ಬರದಿರಲಿ.